ನಾಯಕಿಯನ್ನು ಉಳಿಸಿದ ನಾಲ್ಕು ಪುಟ

ಗೆಳತಿಯರೇ, ಇವತ್ತು ಕಾದಂಬರಿಯ ನಾಯಕಿಯೊಬ್ಬಳನ್ನು ನಾನು ಸಾಯಲು ಬಿಡಲಿಲ್ಲ.

ಕುಕ್ಕುಂದೂರಿನ ನಮ್ಮ ಜಗಲಿಯಲ್ಲಿ ನಾನು ಕಾದಂಬರಿ ಗಟ್ಟಿಯಾಗಿ ಓದುವುದು, ಉಳಿದವರು ನನ್ನ ಪಾಲಿನ ಬೀಡಿಯನ್ನೂ ಕಟ್ಟಿಕೊಡುವುದು ರೂಢಿ. ಹೋದ ವಾರ ಪತ್ತೇದಾರಿ, ಈ ವಾರ ಸಾಂಸಾರಿಕ. ಕೊನೆಗೆ ಬಂದಾಗ ನಾಯಕಿ ಹೆರಿಗೆಯಲ್ಲಿ ಸಾಯುವುದು ಕಣ್ಣಿಗೆ ಬಿತ್ತು. ಎದುರಿಗೆ ಎಂಟು ತಿಂಗಳ ಬಸುರಿ ಸುಮತಿ, ಬೀಡಿ ಕಟ್ಟುವುದನ್ನೂ ಮರೆತು ಕೂತಿದ್ದಾಳೆ. "ತಾಯಿ, ಮಗು ಇಬ್ಬರೂ ಕ್ಷೇಮ. ಮುಗಿಯಿತು" ಎಂದು ಪುಸ್ತಕ ಮುಚ್ಚಿಬಿಟ್ಟೆ.

ಗಿರಿಜಕ್ಕನಿಗೆ ಓದು ಬಾರದು, ಆದರೆ ಕಣ್ಣು ಚುರುಕು. "ಎಂತ ಮುಗಿಯುವುದು ಮಾರಾಯ್ತಿ? ಇನ್ನೂ ನಾಲ್ಕು ಪುಟ ಉಂಟಲ್ಲ!"

"ಹೌದಾ ಅಕ್ಕ? ಪುಟ ಅಂಟಿಕೊಂಡಿತ್ತು."

"ನಾವು ಬೀಡಿ ಕಟ್ಟಿದ್ದು ಇಡೀ ಪುಸ್ತಕಕ್ಕೆ. ಓದು!"

ಐದನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಬೆವರುತ್ತಾ ನಾಲ್ಕು ಪುಟವನ್ನೂ ಮನಸ್ಸಿನಿಂದಲೇ ಕಟ್ಟಿ ಓದಿದೆ. ತೊಟ್ಟಿಲು ಕಟ್ಟಿಸಿದೆ, ಮಗುವಿಗೆ ಹೆಸರಿಡಿಸಿದೆ, ಅತ್ತೆಯಿಂದ ಕ್ಷಮೆಯನ್ನೂ ಕೇಳಿಸಿದೆ. ಸುಮತಿ ನಗುತ್ತಾ ಮತ್ತೆ ಬೀಡಿ ಎಲೆ ಕೈಗೆತ್ತಿಕೊಂಡಳು.

ಗಿರಿಜಕ್ಕ ಕಣ್ಣೊರೆಸಿಕೊಂಡರು. "ಈ ಲೇಖಕಿಗೆ ಹೆಂಗಸರ ಕಷ್ಟ ಗೊತ್ತುಂಟು. ಇವರದ್ದೇ ಇನ್ನೊಂದು ತಾ."

ನಾಳೆ ಕಾರ್ಕಳದ ಲೈಬ್ರರಿಯಿಂದ ತರಬೇಕು. ಅದರಲ್ಲಿ ಎಷ್ಟು ಜನರನ್ನು ಉಳಿಸಬೇಕಾಗುತ್ತದೋ ಎಂದು ನನಗೆ ಈಗಲೇ ಚಿಂತೆ.