ಕೊಟ್ರಬಸಪ್ಪನವರ ಎಡಗಾಲು
ನಿಟ್ಟುವಳ್ಳಿಯ ಕೊಟ್ರಬಸಪ್ಪನವರ ಜೀವಮಾನದ ಒಂದೇ ಸಾಧನೆಯೆಂದರೆ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದ್ದು. ಹಾಗೆ ಹುಟ್ಟಿದವರು ಒದ್ದರೆ ಬೆನ್ನಿನ ಉಳುಕು ಬಿಡುತ್ತದೆಂದು ನಂಬಿ, ಹರಿಹರದಿಂದಲೂ ಜನ ಬೆಳಿಗ್ಗೆಯೇ ಬಸ್ಸು ಹತ್ತಿ ಬಂದು, ಅವರ ಮನೆಯ ಜಗಲಿಯಲ್ಲಿ ಒದೆ ತಿಂದು, ಕೈಮುಗಿದು ಹೋಗುತ್ತಾರೆ. ಒದೆಯುವ ಎಡಗಾಲಿಗೆ ದಿನಾ ಹರಳೆಣ್ಣೆ. ಬಲಗಾಲಿಗೆ ಸೋಪೂ ಇಲ್ಲ. ಯಾರಾದರೂ ಡಾಕ್ಟರ ಹೆಸರೆತ್ತಿದರೆ, "ಅವ್ರು ಓದಿ ಕಲ್ತೋರು, ನಾನು ಹುಟ್ತಾನೇ ಕಲ್ತೋನು" ಎನ್ನುತ್ತಾರೆ. ಹೋದ ವರ್ಷ ಎದುರುಮನೆಯ ಆಶಾರಾಣಿ, ಬೆನ್ನುನೋವೆಂದು ಅಳುತ್ತಿದ್ದ ಮೂರು ವರ್ಷದ ಮಗಳನ್ನು ಎತ್ತಿಕೊಂಡು ಬಂದು, "ಮೈ ಸುಡ್ತೈತ್ರಿ, ಕಾಲೂ ಎಳೀತಾಳ್ರಿ" ಎಂದಳು. "ಉಳುಕಿನ ಜ್ವರ ಅದು, ಆಸ್ಪತ್ರೆ ಬ್ಯಾಡ, ನಾಳೆ ಕುಣೀತಾಳೆ" ಎಂದು ಕೊಟ್ರಬಸಪ್ಪನವರು ಮೂರು ದಿನ ಆ ಪುಟ್ಟ ಬೆನ್ನಿಗೆ ಪಾದ ತಾಗಿಸಿದರು. ನಾಲ್ಕನೆಯ ದಿನ ಮಗುವಿಗೆ ನಿಲ್ಲಲೂ ಆಗಲಿಲ್ಲ. ಬೆನ್ನುಹುರಿಯೊಳಗೆ ಕೀವು ತುಂಬಿದೆಯೆಂದು ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿದರು; ಮೊದಲ ದಿನವೇ ಯಾಕೆ ತರಲಿಲ್ಲವೆಂದು ಡಾಕ್ಟರು ಆಶಾರಾಣಿಯನ್ನೇ ಬೈದರು. ಕೊಟ್ರಬಸಪ್ಪನವರು ಈಗಲೂ ಒದೆಯುತ್ತಾರೆ, ಅದೇ ಜಗಲಿ, ಅದೇ ಗತ್ತು. ಆ ಮಗು ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುತ್ತಾ ಎದುರಿಗೆ ಹಾದುಹೋಗುವಾಗ ಮಾತ್ರ ಎಡಗಾಲನ್ನು ಮೆಲ್ಲಗೆ ಪಂಚೆಯೊಳಗೆ ಮುಚ್ಚಿಕೊಳ್ಳುತ್ತಾರೆ.