ಟಬ್ಬಿನಲ್ಲಿ ಉಳಿಸಿದ ನೀರು

ಆ ಬೇಸಿಗೆಯಲ್ಲಿ ಬಾವಿಯ ಪಾಳಿಯಲ್ಲಿ ಹೊಡೆದಾಟವಾಗದ ದಿನವೇ ಇರಲಿಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಗಡಿಯಾಚೆ ಮರಾಠಿ ಸೀಮೆಯ ಉಮದಿಯಿಂದ ಎತ್ತಿನ ಗಾಡಿಯಲ್ಲಿ ಎರಡು ತಾಸು ದೂರದ ಒಂದು ಹಳ್ಳಿಯಲ್ಲಿ ನಾನು ಬಾಲವಾಡಿ ನಡೆಸುತ್ತಿದ್ದೆ. ಇಪ್ಪತ್ತೆರಡರ ವಯಸ್ಸು. ಶಿಕ್ಷಕಿಯಾದ್ದರಿಂದ ಊರವರಿಗೆ ನಾನು 'ಬಾಯಾರು'. ನನ್ನ ಕೈಕೆಳಗೆ ಒಬ್ಬ ಆಯಾ ಇದ್ದಳು. ಕುರಿ ಕಾಯುವವರ ಮನೆತನದ ವಿಧವೆ, ನನಗಿಂತ ಹದಿನೈದು ವರ್ಷ ದೊಡ್ಡವಳು. ಮಕ್ಕಳನ್ನು ಮನೆಮನೆಯಿಂದ ಕರೆತರುವುದು, ಕಸ ಗುಡಿಸುವುದು, ನೀರು ತುಂಬುವುದು ಅವಳ ಕೆಲಸ.

ನಮ್ಮಲ್ಲಿ ಅಗಲವಾದ ಒಂದು ತಗಡಿನ ಟಬ್ಬು ಇತ್ತು. ಇಬ್ಬರು ಹಿಡಿದರೆ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಬಿಸಿಲು ಏರುವ ಮೊದಲು ಅದನ್ನು ಬೇವಿನ ಕೆಳಗಿಟ್ಟು, ಗೇಣು ಎತ್ತರ ನೀರು ಹಾಕಿ, ಐದೈದು ಮಕ್ಕಳನ್ನು ಆಡಲು ಇಳಿಸುತ್ತಿದ್ದೆವು. ತರಬೇತಿಯಲ್ಲಿ ಕಲಿತದ್ದನ್ನೆಲ್ಲ ನಾನೇ ಆಯಾಳಿಗೆ ಹೇಳಿಕೊಟ್ಟಿದ್ದೆ. ಇಳಿಯುವ ಮುಂಚೆ ಮಕ್ಕಳ ಕುಂಡಿ, ಕಾಲು ತೊಳೆಯಬೇಕು. ಹೊಟ್ಟೆ ಕೆಟ್ಟ ಮಗು, ಮೈಮೇಲೆ ಹುಣ್ಣಿದ್ದ ಮಗು ಹೊರಗೇ ಇರಬೇಕು. ಆಟ ಮುಗಿದ ಕೂಡಲೇ ನೀರು ಚೆಲ್ಲಿ, ಬೂದಿ ಹಚ್ಚಿ ತಿಕ್ಕಿ, ಟಬ್ಬನ್ನು ಬಿಸಿಲಿಗೆ ಬೋರಲು ಹಾಕಬೇಕು. ಅವಳು ಒಂದು ದಿನವೂ ತಪ್ಪಿಸಿರಲಿಲ್ಲ.

ಆದರೆ ಊರಿಗೆ ಆ ಚೆಲ್ಲುವ ನೀರು ಕಣ್ಣಿಗೆ ಚುಚ್ಚುತ್ತಿತ್ತು. ಒಂದು ಮುಂಜಾನೆ ಪಾಳಿಯಲ್ಲಿ ಒಬ್ಬಳು, "ನಮ್ಮ ದನಕ್ಕ ಕುಡ್ಯಾಕ ಇಲ್ಲ, ನಿಮ್ಮ ಬಾಲವಾಡ್ಯಾಗ ಚೆಲ್ಲಾಕ ಬೇಕೇನ?" ಎಂದು ಆಯಾಳ ಹಣೆಗೆ ತಾಮ್ರದ ಕೊಡದಿಂದಲೇ ಹೊಡೆದಳು. ಹುಬ್ಬಿನ ಮೇಲೆ ಸೀಳಿತು. ಅವಳು ಸೆರಗಿನಿಂದ ರಕ್ತ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕೊಡ ಹೊತ್ತು ಬಂದಳು. ಅಂದು ಆಟ ಮುಗಿದ ಮೇಲೆ ಎಂದಿನಂತೆ ಟಬ್ಬು ಚೆಲ್ಲಲು ಬಗ್ಗಿದಾಗ ನಾನು ತಡೆದೆ.

"ಇರ್ಲಿ ಬಿಡು. ನಾಳೆ ಮುಖ್ಯಸೇವಿಕಾ ಬರ್ತಾರ. ಮತ್ತ ಪಾಳಿಗೆ ಹೋಗಿ ಹೊಡಿಸ್ಕೊಂತಿ ಏನು?"

"ನಿನ್ನಿ ನೀರಾಗ ಹುಡುಗುರನ್ನ ಇಳಸಬಾರದು ಅಂತ ನೀವ ಹೇಳಿರಲ್ರಿ, ಬಾಯಾರ."

"ಒಂದ ದಿನಕ್ಕ ಏನೂ ಆಗೂದಿಲ್ಲ."

ಅವಳ ಹಣೆಯ ಗಾಯ ನೋಡಿ ಮರುಗಿ ಹಾಗೆ ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ತಾಲೂಕಿನಿಂದ ಬರುವ ಅಧಿಕಾರಿಣಿಗೆ ಮಕ್ಕಳು ನೀರಿನಲ್ಲಿ ಆಡುವುದನ್ನು ತೋರಿಸಬೇಕೆಂಬ ಆಸೆ ನನಗೆ ಬಲವಾಗಿತ್ತು.

ಬೆಳಿಗ್ಗೆ ಬಂದಾಗ ಒಂದು ನಾಯಿ ಟಬ್ಬಿಗೆ ಮೂತಿ ಹಾಕಿ ಕುಡಿಯುತ್ತಿತ್ತು. ಆಯಾ ಕಲ್ಲೆಸೆದು ಓಡಿಸಿದಳು. ತಗಡಿನ ಅಂಚಿಗೆ ಬೆರಳಾಡಿಸಿ, ಜಿಡ್ಡನ್ನು ನನಗೆ ತೋರಿಸಿದಳು. ನಾನು ಮೇಲೆ ಎರಡು ಕೊಡ ಹೊಸ ನೀರು ಹಾಕಿಸಿದೆ. ಮುಖ್ಯಸೇವಿಕಾ ಬಂದರು, ಮಕ್ಕಳು ನೀರು ಎರಚಾಡಿದ್ದಕ್ಕೆ ನಕ್ಕರು, ಭೇಟಿ ವಹಿಯಲ್ಲಿ ಮರಾಠಿಯಲ್ಲಿ ಮೆಚ್ಚುಗೆಯ ಶೇರಾ ಬರೆದು ಹೋದರು.

ಮೂರನೆಯ ದಿನ ನಾಲ್ಕು ಮಕ್ಕಳಿಗೆ ವಾಂತಿಭೇದಿ ಹಿಡಿಯಿತು. ಟಬ್ಬಿನ ಹಳೆಯ ನೀರೇ ಕಾರಣವೆಂದು ಊರು ಆಡಿಕೊಂಡಿತು. ಮೂವರು ಮನೆಯಲ್ಲೇ ಚೇತರಿಸಿಕೊಂಡರು. ಊರ ಹೊರಗಿನ ಕುರಿ ದೊಡ್ಡಿಯ ಮೂರು ವರ್ಷದ ಹುಡುಗಿಯ ಕಣ್ಣು ಮಾತ್ರ ಗುಳಿಬಿದ್ದವು. ಅವಳ ತಾಯಿ ಗಾಡಿಯಲ್ಲಿ ಮಗುವನ್ನು ಉಮದಿಗೆ ಒಯ್ದಳು. ಅಲ್ಲಿ ವೈದ್ಯರು ಸಲಾಯಿನ್ ಹಚ್ಚಿ, ಬದುಕಿದರೆ ಅದರ ಪುಣ್ಯ ಎಂದರಂತೆ.

ತಂದೆ ಕುರಿ ಹೊಡೆದುಕೊಂಡು ಭೀಮಾ ನದಿಯ ಕಡೆಗೆ ಹೋಗಿದ್ದವನು, ಸುದ್ದಿ ಮುಟ್ಟಿ ನಡೆದೇ ಬಂದ. ಮನೆಗೂ ಹೋಗದೆ ನೇರ ಬಾಲವಾಡಿಗೆ ಬಂದ. ಕೈಯಲ್ಲಿ ಕುರಿಗಳಿಗೆ ಸೊಪ್ಪು ಕಡಿಯುವ ಉದ್ದ ಕಾವಿನ ಕೊಡಲಿ ಇತ್ತು. ಮೊದಲು ಟಬ್ಬಿಗೆ ಹೊಡೆದ. ತಗಡು ಹರಿದ ಸದ್ದಿಗೆ ಮಕ್ಕಳು ಚೀರಿ ಒಳಗೆ ಓಡಿದರು. ನಾನೂ ಅವರ ಜೊತೆ ಓಡಿ ಬಾಗಿಲಿಗೆ ಅಗಳಿ ಹಾಕಿದೆ. ಆಯಾ ಹೊರಗೇ ಉಳಿದಳು.

ಕಿಟಕಿಯಿಂದ ನಾನು ಎಲ್ಲವನ್ನೂ ನೋಡಿದೆ. ಅವನು ಅವಳ ತುರುಬು ಹಿಡಿದು ಬೇವಿನ ಬುಡದವರೆಗೆ ಎಳೆದ.

"ನೀರು ಹಾಕಾಕಿ ನೀನಲ್ಲೇನ? ಹೊಲಸ ನೀರಾಗ ಯಾಕ ಇಳಸ್ದಿ? ಯಾರು ಹೇಳಿದ್ರು?"

ಅವಳು ಕಿಟಕಿಯ ಕಡೆಗೆ ಒಮ್ಮೆ ನೋಡಿದಳು. ಬಾಯಿ ಬಿಡಲಿಲ್ಲ. ಅವನು ಕೊಡಲಿ ತಿರುಗಿಸಿ ಕಾವಿನಿಂದ ಬೆನ್ನಿಗೆ ಬಡಿದ. ಮತ್ತೊಂದು ಏಟಿಗೆ ಅವಳು ಬಲಗೈ ಅಡ್ಡ ಕೊಟ್ಟಳು. ಎಲುಬು ಮುರಿದದ್ದು ನನಗೆ ಕೇಳಿಸಿತು. ಒಣಗಿದ ತೊಗರಿ ಕಟ್ಟಿಗೆ ಮುರಿದ ಹಾಗೆ. "ನಾ ಹೇಳಿದ್ದು" ಎಂದು ಎರಡು ಮಾತು ಕಿಟಕಿಯಿಂದ ಕೂಗಿದ್ದರೆ ಸಾಕಿತ್ತು, ನಾನು ಕೂಗಲಿಲ್ಲ. ಜನ ಓಡಿ ಬಂದು ಅವನನ್ನು ಹಿಡಿದ ಮೇಲೆ ಅಗಳಿ ತೆಗೆದೆ.

ನಾಲ್ಕು ದಿನ ಸುಮ್ಮನಿದ್ದೆ. ಐದನೆಯ ದಿನ ಹುಡುಗಿ ಬದುಕಿ ಮನೆಗೆ ಬಂದಳೆಂದು ಕೇಳಿ ಕುರಿ ದೊಡ್ಡಿಗೆ ಹೋದೆ. ಗಂಡ ಹೆಂಡತಿ ಇಬ್ಬರೂ ಅಂಗಳದಲ್ಲಿದ್ದರು. ನೀರು ಉಳಿಸಲು ಹೇಳಿದವಳು ನಾನು, ಆಯಾ ಬೇಡವೆಂದಿದ್ದಳು ಎಂದು ಹೇಳಿದೆ. ಗಂಡಸು ತಲೆ ಎತ್ತಲಿಲ್ಲ. ಎದ್ದು ಬಂದವಳು ತಾಯಿ. ನನ್ನ ಕೆನ್ನೆಗೆ ಎಷ್ಟು ಜೋರಾಗಿ ಹೊಡೆದಳೆಂದರೆ ಕೈಬಳೆ ಒಡೆದು ಕಿವಿಯ ಹತ್ತಿರ ಕೊಯ್ದಿತು. ಮತ್ತೊಮ್ಮೆ ಹೊಡೆದಳು. ನಾನು ಅಲ್ಲೇ ನಿಂತಿದ್ದೆ.

"ಅವತ್ತ ಇಷ್ಟ ಹೇಳಿದ್ರ ಆಕಿ ಕೈಯಾದ್ರೂ ಉಳೀತಿತ್ತು," ಎಂದಳು.

ಅಂದೇ ಸಂಜೆ ಹುಡುಗಿಯ ತಂದೆ ನನ್ನ ಮುಂದೆ ಮುಂದೆ ನಡೆದು ಆಯಾಳ ಮನೆಗೆ ಹೋದ. ಅವಳು ಬಿದಿರು ಸೀಳು ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಅವನು ಮುಂಡಾಸು ಬಿಚ್ಚಿ ಕಾಲ ಹತ್ತಿರ ಇಟ್ಟ. "ತಪ್ಪಾತ್ರೀ ಅಕ್ಕಾರ," ಎಂದ. ಅವಳು ಎಡಗೈಯಲ್ಲಿ ಚಪ್ಪಲಿ ತೆಗೆದುಕೊಂಡು ಅವನ ತಲೆಗೆ, ಭುಜಕ್ಕೆ ಹೊಡೆದಳು. ಉಸಿರು ಕಟ್ಟುವವರೆಗೆ ಹೊಡೆದಳು. ಅವನು ಕುಳಿತೇ ಏಟು ತಿಂದ.

ನಾನು ಹತ್ತಿರ ಹೋಗಿ ಕುಳಿತೆ. "ನನಗೂ ಹೊಡಿ," ಎಂದೆ.

ಅವಳು ಚಪ್ಪಲಿ ಕೆಳಗಿಟ್ಟಳು. "ನಿಮಗ ಹೊಡಿಯೂದಿಲ್ರಿ ಬಾಯಾರ. ಹೊಡಿಸ್ಕೊಂಡ್ರ ನೀವು ಹಗುರ ಆಗ್ತೀರಿ."

ಮರುದಿನ ನಡೆದದ್ದನ್ನೆಲ್ಲ ಬರೆದು ಮುಖ್ಯಸೇವಿಕಾ ಅವರಿಗೆ ಕಳಿಸಿದೆ. ಮಳೆಗಾಲದವರೆಗೆ ಬಾಲವಾಡಿ ಮುಚ್ಚಿತು. ನನ್ನ ದಾಖಲೆಯಲ್ಲಿ ಕೆಟ್ಟ ಶೇರಾ ಬಿತ್ತು, ಕೆಲಸ ಉಳಿಯಿತು. ಎಲುಬು ಕಟ್ಟುವವ ಎಷ್ಟು ಬಿಗಿದರೂ ಆಯಾಳ ಕೈ ಸೊಟ್ಟಗೇ ಕೂಡಿತು. ಆದರೂ ಅವಳು ಕೆಲಸಕ್ಕೆ ಬಂದಳು. ಮಾತಿನಲ್ಲಿ ಮರ್ಯಾದೆಯ 'ರಿ' ಬಿಡಲಿಲ್ಲ. ನನ್ನ ಜೊತೆ ನಗುವುದನ್ನು ಮಾತ್ರ ಬಿಟ್ಟಳು.

ಮರುವರ್ಷ ಹೊಸ ಟಬ್ಬು ಬಂದಾಗ ನೀರು ತರುವುದು, ತಿಕ್ಕುವುದು ಎರಡನ್ನೂ ನಾನೇ ವಹಿಸಿಕೊಂಡೆ. ಪಾಳಿಯಲ್ಲಿ ಮೊಣಕೈ ತಿವಿತ ತಿಂದೆ, ಕೊಟ್ಟೆ. ಮಕ್ಕಳನ್ನು ಇಳಿಸುವ ಮುಂಚೆ ಅವಳು ಬಂದು ಅಂಚಿಗೆ ಬೆರಳಾಡಿಸಿ ನೋಡುತ್ತಿದ್ದಳು. ಒಂದು ದಿನ ನಾನು ಅವಸರದಲ್ಲಿ ತಿಕ್ಕಿದ್ದೆ. ಮಕ್ಕಳು ಅಂಗಿ ಬಿಚ್ಚಿ ಕಾಯುತ್ತಿದ್ದರು. ಅವಳು ಬೆರಳು ಮೂಸಿ ನೋಡಿ, ಅರ್ಧ ತುಂಬಿದ ಟಬ್ಬಿಗೆ ಕಾಲು ಕೊಟ್ಟು ಒದ್ದು ಉರುಳಿಸಿದಳು. ಒಂದು ಮಗು ಅಳತೊಡಗಿತು. ನಾನು ಬೂದಿ ತೆಗೆದುಕೊಂಡು ಮತ್ತೆ ತಿಕ್ಕಲು ಕುಳಿತೆ.