ಹೆಡ್‌ಮಾಸ್ಟರು ಊಟಕ್ಕೆ ಬಂದ ದಿನ

ಕರಿ ಬೂಟ್ ಪಾಲಿಶಿನ ವಾಸನೆ ಮೂಗಿಗೆ ಬಡಿದರೆ ಸಾಕು, ಎಲ್ಕ್ ಗ್ರೋವ್ ವಿಲೇಜಿನ ನಮ್ಮ ಹಳೇ ಮನೆ ಕಣ್ಣೆದುರು ಬರುತ್ತದೆ. ಎಪ್ಪತ್ತರ ದಶಕದ ಆ ಭಾನುವಾರಗಳಲ್ಲಿ ಅಪ್ಪ ಗರಾಜಿನಲ್ಲಿ ಪೇಪರ್ ಹಾಸಿಕೊಂಡು ಕೂತು ತಮ್ಮ ಬೂಟು ಉಜ್ಜುತ್ತಿದ್ದರು, ನನ್ನದನ್ನು ನನ್ನ ಕೈಯಲ್ಲೇ ಉಜ್ಜಿಸುತ್ತಿದ್ದರು. ಅಮ್ಮ ಗೊಣಗಿದರೆ ಉತ್ತರ ಸಿದ್ಧವಿರುತ್ತಿತ್ತು: ನಮ್ಮ ಹೆಡ್‌ಮಾಸ್ಟರು ಹುಡುಗರ ಜೊತೆ ಕೂತು ತಮ್ಮ ಬೂಟು ತಾವೇ ಉಜ್ಜುತ್ತಿದ್ದರು. ನೀಲಗಿರಿಯ ಬೋರ್ಡಿಂಗ್ ಶಾಲೆಯ ಆ ಇಂಗ್ಲಿಷ್ ದೊರೆ ಅಪ್ಪನ ಪಾಲಿಗೆ ದೇವರು. ಬೆತ್ತ ಮುಟ್ಟದವರು, ಒಬ್ಬೊಬ್ಬ ಹುಡುಗನನ್ನೂ ಹೆಸರು ಹಿಡಿದು ಕರೆಯುತ್ತಿದ್ದವರು. ಮಗು ಗಟ್ಟಿಯಾಗಬೇಕಾದರೆ ಮನೆಯಿಂದ ದೂರ ಬೆಳೆಯಬೇಕು ಎನ್ನುವುದು ಅವರ ತತ್ವ. ಮೈಸೂರು ಬಿಟ್ಟು ಒಂಬತ್ತನೇ ವಯಸ್ಸಿಗೇ ಅಲ್ಲಿ ಸೇರಿದ್ದ ಅಪ್ಪ ಅದನ್ನು ವೇದದಂತೆ ನಂಬಿದ್ದರು. ನನಗೂ ಒಂಬತ್ತು ತುಂಬಿದ್ದೇ ತಡ, ಕಾರಿನಲ್ಲಿ ಐದಾರು ಗಂಟೆ ದೂರದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಆಚೆಯ ಒಂದು ಬೋರ್ಡಿಂಗ್ ಶಾಲೆಗೆ ಸೇರಿಸಿಬಿಟ್ಟರು. ಅಲ್ಲಿ ದಿಂಬಿನಲ್ಲಿ ಮುಖ ಮುಚ್ಚಿಕೊಂಡು ಎಷ್ಟು ಅತ್ತೆನೋ, ನಿಮಗೆ ಹೇಗೆ ಹೇಳಲಿ.

ನವೆಂಬರಿನ ರಜೆಗೆ ನಾನು ಮನೆಗೆ ಬಂದಿದ್ದಾಗ ಆ ಹೆಡ್‌ಮಾಸ್ಟರೇ ನಮ್ಮಲ್ಲಿಗೆ ಊಟಕ್ಕೆ ಬಂದರು. ನಿವೃತ್ತರಾಗಿ ಡೆಟ್ರಾಯಿಟಿನಲ್ಲಿ ಮಗಳ ಜೊತೆ ಇದ್ದವರು ಯಾವುದೋ ಕೆಲಸಕ್ಕೆ ನಮ್ಮ ಕಡೆ ಬಂದಿದ್ದರಂತೆ. ಅಪ್ಪ ಶಾಲೆಯ ಹುಡುಗನ ಹಾಗೆ ಕೈಕಟ್ಟಿ ನಿಂತಿದ್ದರು. ಅಮ್ಮ ಬಡಿಸುತ್ತಾ, ನಿಮ್ಮ ಮಗಳು ಓದಿದ್ದು ಯಾವ ಬೋರ್ಡಿಂಗಿನಲ್ಲಿ ಎಂದು ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಕೇಳಿದಳು. ಮುದುಕರು ನಕ್ಕುಬಿಟ್ಟರು. ಅಲ್ಲಿದ್ದ ಇಂಗ್ಲಿಷರೆಲ್ಲ ಮಕ್ಕಳನ್ನು ಇಂಗ್ಲೆಂಡಿನ ಬೋರ್ಡಿಂಗಿಗೆ ಕಳಿಸುತ್ತಿದ್ದರಂತೆ, ಇವರಿಗೆ ಮಾತ್ರ ಮನಸ್ಸು ಬರಲಿಲ್ಲವಂತೆ. ಹದಿನೆಂಟು ತುಂಬುವವರೆಗೂ ಮಗಳು ಒಂದೇ ಒಂದು ರಾತ್ರಿ ಅಪ್ಪ ಅಮ್ಮನನ್ನು ಬಿಟ್ಟಿದ್ದವಳಲ್ಲವಂತೆ. ಇಷ್ಟು ಹೇಳಿ ಇನ್ನೊಂದು ಸೌಟು ಬಿಸಿಬೇಳೆಭಾತ್ ಹಾಕಿಸಿಕೊಂಡರು. ಎಂಥಾ ಮೋಸ! ಊರಿನ ಮಕ್ಕಳಿಗೆಲ್ಲ ಒಂದು ತತ್ವ, ತನ್ನ ಮಗಳಿಗೆ ಇನ್ನೊಂದು. ಅಪ್ಪ ತಟ್ಟೆ ನೋಡುತ್ತಾ ಕೂತಿದ್ದರು, ಊಟ ಮಾಡಲಿಲ್ಲ.

ಅವರು ಹೋದ ಮೇಲೆ ಅಮ್ಮ ಮೆಲ್ಲಗೆ ಹೇಳಿದಳು: "ಇನ್ನು ಇವ್ಳನ್ನ ಇಲ್ಲೇ ಇಟ್ಕೊಳ್ಳೋಣ ಕಣ್ರೀ." ನನಗೋ ಹಿಡಿಸಲಾರದಷ್ಟು ಸಂತೋಷ. ಓಡಿಹೋಗಿ ಸೂಟ್‌ಕೇಸಿನಲ್ಲಿದ್ದ ಬಟ್ಟೆಯನ್ನೆಲ್ಲ ತೆಗೆದು ಕಪಾಟಿಗೆ ಸೇರಿಸಿದೆ. ಮರುದಿನ ಬೆಳಗ್ಗೆ ಅಪ್ಪ ಅದನ್ನೆಲ್ಲ ಒಂದೊಂದಾಗಿ ಮಡಿಸಿ ಮತ್ತೆ ಸೂಟ್‌ಕೇಸಿಗೆ ತುಂಬಿದರು. ಅಮ್ಮ ಬಾಗಿಲಿಗೂ ಬರಲಿಲ್ಲ.

ಈಗ ಅವರಿಬ್ಬರೂ ಇಲ್ಲ, ಆ ಮನೆಯಲ್ಲಿ ಇನ್ಯಾರೋ ಇದ್ದಾರೆ. ದೊರೆಯ ಮೇಲಿನ ಸಿಟ್ಟು ಎಂದೋ ಇಳಿದುಹೋಯಿತು. ಇಳಿಯದೆ ಉಳಿದಿರುವುದು ಅಪ್ಪನ ಕಾರಿನಲ್ಲಿ ಮತ್ತೆ ಶಾಲೆಗೆ ಹೊರಟ ಅಂದಿನ ಆ ದಾರಿ. ಮಿಶಿಗನ್ ಗಡಿ ದಾಟಿದ ಮೇಲೆ ನಾನು ಧೈರ್ಯ ಮಾಡಿ ಕೇಳಿದೆ: "ಅಪ್ಪಾ, ನಿನ್ನೆ ಅವ್ರು ಹೇಳಿದ್ದು ಕೇಳಿಸ್ತಲ್ವಾ?"

"ಕೇಳಿಸ್ತು ಪುಟ್ಟಿ" ಎಂದರು ಅಪ್ಪ.

ಹೆದ್ದಾರಿ ಬಿಟ್ಟು ಮನೆ ಕಡೆ ತಿರುಗಿಕೊಳ್ಳಬಹುದಾದ ಒಂದು ಎಕ್ಸಿಟ್ ಬಂತು, ಹೋಯಿತು. ಕಾರು ತಿರುಗಿಸಲಿಲ್ಲ.